ರೊಟ್ಟಿ ಆರುವುದರೊಳಗೆ

ವಡೋದರದ ಮಂಜಲ್‌ಪುರದಲ್ಲಿರುವ ಹನುಮಂತಪ್ಪನವರ ಮನೆಗೆ ಕಾಲಿಡುವವರು ಚಪ್ಪಲಿಯ ಜೊತೆಗೆ ಗುಜರಾತಿಯನ್ನೂ ಹೊರಗೇ ಬಿಟ್ಟು ಬರಬೇಕಿತ್ತು. ಕಾಲಿಡುವವರು ಅಂದರೆ ನೆಂಟರಿಷ್ಟರಲ್ಲ, ಹೆಂಡತಿ ಗೌರಮ್ಮ ಮತ್ತು ಮಗಳು ರಚನಾ. ಹೊಸ್ತಿಲೊಳಗೆ ಕನ್ನಡ ಮಾತ್ರ. ಈ ನಿಯಮವನ್ನು ಹನುಮಂತಪ್ಪ ಬೈದು ಬಡಿದು ಮಾಡಿಸಿದ್ದಲ್ಲ. ಅವರದು ಬೇರೆಯೇ ದಾರಿ. ಯಾರಾದರೂ ಬಾಯಿ ತಪ್ಪಿ ಗುಜರಾತಿಯಲ್ಲಿ ಮಾತಾಡಿದರೆ ಕಿವುಡರಂತೆ ಕೂತುಬಿಡುತ್ತಿದ್ದರು. ಪೇಪರು ಓದುತ್ತಿದ್ದರೆ ಓದುತ್ತಲೇ ಇರುತ್ತಿದ್ದರು, ಊಟ ಮಾಡುತ್ತಿದ್ದರೆ ಮಾಡುತ್ತಲೇ ಇರುತ್ತಿದ್ದರು. ಅದೇ ಮಾತು ಕನ್ನಡದಲ್ಲಿ ಬಂದರೆ ಮಾತ್ರ ತಲೆ ಎತ್ತಿ ‘ಹೂಂ’ ಅನ್ನುತ್ತಿದ್ದರು. ಹಟ ಅಂದರೆ ಅಂಥ ಹಟ.

ಗದಗಿನ ಕಡೆಯವರು. ರೈಲ್ವೆಯ ಸಿಗ್ನಲ್ ವಿಭಾಗಕ್ಕೆ ಸೇರಿ, ಬದಲಿಯಾಗಿ ವಡೋದರಕ್ಕೆ ಬಂದವರು ಇಲ್ಲೇ ನಿವೃತ್ತರೂ ಆದರು. ಕೆಲಸದಲ್ಲಿ ಹಿಂದಿ, ಕಾಗದಪತ್ರಕ್ಕೆ ಇಂಗ್ಲಿಷು, ಮನೆಗೆ ಕನ್ನಡ. ಗುಜರಾತಿ ಅವರಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಹೆಂಗಸರು ಸರಸರನೆ ಮಾತಾಡಿದರೆ ಅದೂ ಇಲ್ಲ. ಆಡಲಂತೂ ಬರುತ್ತಿರಲಿಲ್ಲ. ಕಲಿಯುವ ಮನಸ್ಸೂ ಇರಲಿಲ್ಲ ಬಿಡಿ, ಕನ್ನಡದಲ್ಲಾದರೂ ಅವರು ಎಷ್ಟು ಮಾತಾಡುತ್ತಿದ್ದರು! ‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬುದು ಅವರ ಗಾದೆ. ಹಾಗೆ ನೋಡಿದರೆ ಆ ಮನೆಯಲ್ಲಿ ಇಡೀ ಓಣಿಗೆ ಹಂಚುವಷ್ಟು ಬಂಗಾರವಿತ್ತು.

ಗೌರಮ್ಮ ಇದಕ್ಕೆ ಪೂರಾ ವಿರುದ್ಧ. ಅವಳಿಗೆ ಮಾತಿಲ್ಲದೆ ಅನ್ನ ಇಳಿಯುತ್ತಿರಲಿಲ್ಲ. ಗಂಡ ಬೆಳಗ್ಗೆ ಹೋದರೆ ಸಂಜೆಗೆ ಬರುವವನು, ಬಂದರೂ ಬಾಯಿ ಬಿಡದವನು. ಅವಳು ಪಕ್ಕದ ಮನೆಗೆ ಹೋಗಿ ಕೂತಳು. ಅಲ್ಲಿ ಓಣಿಯ ಹೆಂಗಸರು ಸೇರಿ ಖಾಖರಾ ಎಂಬ ಗರಿಗರಿ ರೊಟ್ಟಿ ಲಟ್ಟಿಸುತ್ತಿದ್ದರು, ಬೇಸಿಗೆಯಲ್ಲಿ ಹಪ್ಪಳ ಒತ್ತುತ್ತಿದ್ದರು. ಲಟ್ಟಣಿಗೆ ಹಿಡಿದುಕೊಂಡೇ ಗೌರಮ್ಮ ಗುಜರಾತಿ ಕಲಿತಳು. ‘ಗೌರೀಬೆನ್’ ಇಲ್ಲದೆ ಯಾರ ಮನೆಯ ಹಪ್ಪಳವೂ ಒಣಗುವುದಿಲ್ಲ ಎಂಬಂತಾಯಿತು. ಆ ಪಕ್ಕದ ಮನೆಗೆ ಸೊಸೆಯಾಗಿ ಬಂದ ಅರ್ಪಿತಾ ಅವಳನ್ನು ‘ಕಾಕಿ’ ಅನ್ನುತ್ತಿದ್ದಳು, ಹನುಮಂತಪ್ಪನವರನ್ನು ‘ಕಾಕಾ’.

ಒಂದು ಸಲ ಹೀಗಾಯಿತು. ಅರ್ಪಿತಾಳ ಮನೆಯಲ್ಲಿ ಏನೋ ತಮಾಷೆ ನಡೆದು, ಗೌರಮ್ಮ ನಗುನಗುತ್ತಲೇ ಒಳಗೆ ಬಂದು ಗಂಡನಿಗೆ ಅದನ್ನು ಹೇಳತೊಡಗಿದಳು. ನಗುವಿನ ಭರದಲ್ಲಿ ಮಾತು ಗುಜರಾತಿಯಲ್ಲೇ ಬಂತು. ಹನುಮಂತಪ್ಪ ರೇಡಿಯೋದ ಕಿವಿ ತಿರುಗಿಸುತ್ತಾ ಕೂತರು. ಅವಳು ನಿಂತಳು, ನಗು ಇಂಗಿತು, ಅಡುಗೆಮನೆಗೆ ಹೋದಳು. ತಮಾಷೆ ಏನೆಂದು ಕನ್ನಡದಲ್ಲಿ ಅವಳು ಮತ್ತೆ ಹೇಳಲಿಲ್ಲ. ಅವರೂ ಕೇಳಲಿಲ್ಲ. ಇಂಥ ಸಣ್ಣ ಸಣ್ಣ ಸಂಗತಿಗಳಿಗೆಲ್ಲ ಆಗ ಬೆಲೆ ಇರುವುದಿಲ್ಲ, ಬೆಲೆ ಕಟ್ಟುವುದು ಆಮೇಲೆ.

ಮಾತಾಡದ ಗಂಡನ ಮೇಲೆ ಗೌರಮ್ಮ ಹಾಡು ಕಟ್ಟಿದ್ದಳು. ತವರಿನಲ್ಲಿ ಬೀಸುವಾಗ ಹಾಡಿಕೊಂಡು ಬೆಳೆದ ಹೆಂಗಸು. ಇಲ್ಲಿ ಬೀಸುವ ಕಲ್ಲಿಲ್ಲ, ರೊಟ್ಟಿ ಬಡಿಯುವುದುಂಟು. ಆ ತಾಳಕ್ಕೇ ಹಾಡು. ರಚನಾ ಕಾಲೇಜಿಗೆ ಸೇರಿದ ವರ್ಷ ಮನೆಗೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ಒಂದು ಮೈಕು. ಮಗಳು ಮೈಕಿನ ತಂತಿಯನ್ನು ಅಡುಗೆಮನೆಯ ತನಕ ಎಳೆದು, ಅವ್ವ ರೊಟ್ಟಿ ಬಡಿಯುತ್ತಾ ಹಾಡಿದ್ದನ್ನೆಲ್ಲ ರೆಕಾರ್ಡು ಮಾಡಿದಳು. ಮೈಕಿನ ಜೊತೆ ಬಂದಿದ್ದ ಯಾವುದೋ ಸಾಫ್ಟ್‌ವೇರು ಅದು. ತಾನು ಮಾಡಿದ ರೆಕಾರ್ಡನ್ನು ತಾನೇ ತೆರೆಯಬೇಕು, ಬೇರೆ ಯಾವುದಕ್ಕೂ ಅದು ತೆರೆದುಕೊಳ್ಳುವುದಿಲ್ಲ. ಆಗ ಯಾರು ಅದನ್ನೆಲ್ಲ ನೋಡುತ್ತಾರೆ? ಹಾಡು ಒಳಗೆ ಹೋಯಿತು, ಅಲ್ಲಿಯೇ ಉಳಿಯಿತು. ರಚನಾ ಓದು ಮುಗಿಸಿ, ಮದುವೆಯಾಗಿ, ಸೂರತ್‌ನ ಕತಾರ್‌ಗಾಮ್‌ನಲ್ಲಿ ಸೀರೆ ಗಿರಣಿಯೊಂದರ ಆಫೀಸಿಗೆ ಸೇರಿದಳು. ಕಂಪ್ಯೂಟರ್ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತು. ಹನುಮಂತಪ್ಪ ಹಬ್ಬಕ್ಕೊಮ್ಮೆ ಅದರ ಧೂಳು ಒರೆಸಿ, ಶುರು ಮಾಡಿ, ನಡೆಯುತ್ತದೆಂದು ಖಾತ್ರಿ ಮಾಡಿಕೊಂಡು ಮುಚ್ಚುತ್ತಿದ್ದರು.

ಹೋದ ವರ್ಷ ಚಳಿಗಾಲದಲ್ಲಿ ಗೌರಮ್ಮ ಚಹಾದ ಪಾತ್ರೆಯ ಮುಂದೆಯೇ ಕುಸಿದಳು. ಪಾರ್ಶ್ವವಾಯು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಆಸ್ಪತ್ರೆಯಲ್ಲಿ ಹನುಮಂತಪ್ಪ ಹಾಸಿಗೆಯ ಪಕ್ಕದ ಸ್ಟೂಲು ಬಿಟ್ಟೇಳಲಿಲ್ಲ. ಕಂಡ ದೇವರಿಗೆಲ್ಲ ಕೈಮುಗಿದದ್ದಾಯಿತು. ಕೆಲವು ದಿನಗಳಾದ ಮೇಲೆ ಅವಳ ತುಟಿ ಅಲುಗಿತು.

“ಪಾಣಿ,” ಎಂದಳು.

ಹನುಮಂತಪ್ಪನವರಿಗೆ ಹೋದ ಜೀವ ಬಂದಂತಾಯಿತು. ಚಮಚೆಯಲ್ಲಿ ನೀರು ಬಿಟ್ಟರು. ನೀರು ಅನ್ನಲಿ, ಪಾಣಿ ಅನ್ನಲಿ, ಬಾಯಿ ಬಂತಲ್ಲ ಅಷ್ಟು ಸಾಕು ಅಂದುಕೊಂಡರು. ಆದರೆ ಮಾತು ಒಂದೊಂದಾಗಿ ಬಂದಂತೆಲ್ಲ ಎಲ್ಲವೂ ಗುಜರಾತಿಯೇ. ಕನ್ನಡದ ಒಂದು ಪದವಿಲ್ಲ. ಆಡುವುದಿರಲಿ, ಆಡಿದ್ದೂ ತಿಳಿಯದು. ಅವರು “ಗೌರಾ, ತಲಿ ನೋಯ್ತದೇನು?” ಎಂದು ಕೇಳಿದರೆ ಅವಳು ಅವರ ಬಾಯಿಯನ್ನೇ ನೋಡುತ್ತಿದ್ದಳು. ಗಂಡನ ಗುರುತಿತ್ತು, ಮಗಳ ಗುರುತಿತ್ತು, ಮನೆಯಲ್ಲಿ ಗ್ಯಾಸು ಆರಿಸದೆ ಬಂದ ನೆನಪೂ ಇತ್ತು. ಹುಟ್ಟಿದಾಗಿನಿಂದ ಆಡಿದ ಭಾಷೆಯೊಂದು ಇರಲಿಲ್ಲ. ಎರಡು ಭಾಷೆ ಬಲ್ಲವರಲ್ಲಿ ಒಮ್ಮೊಮ್ಮೆ ಹೀಗೆ ಒಂದು ಉಳಿದು ಇನ್ನೊಂದು ಹೋಗುವುದುಂಟು ಎಂದು ಡಾಕ್ಟರು ಹೇಳಿದರು. ಉಳಿಯುವುದು ಯಾಕೆ ಇದು, ಅದು ಯಾಕಲ್ಲ ಎಂದು ಅವರಿಗೂ ಹೇಳಲಾಗಲಿಲ್ಲ.

ಮನೆಗೆ ಕರೆತಂದ ಮೇಲೆ ಕಷ್ಟ ಶುರುವಾಯಿತು. ಗೌರಮ್ಮ ಏನೋ ಕೇಳುತ್ತಾಳೆ. ನಾಲಿಗೆ ದಪ್ಪವಾಗಿದೆ, ಪದಗಳು ಒಂದಕ್ಕೊಂದು ಅಂಟಿವೆ, ಭಾಷೆಯೂ ಅರ್ಥವಾಗದ್ದು. ಹನುಮಂತಪ್ಪ ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಅವಳು ಇನ್ನೊಮ್ಮೆ ಹೇಳುತ್ತಾಳೆ. ಅವರು ಸುಮ್ಮನೆ ಕೂರುತ್ತಾರೆ, ಬೇರೇನು ಮಾಡಿಯಾರು? ಒಂದು ದಿನ ಅವಳು ಹೀಗೆ ಹೇಳಿ ಹೇಳಿ ಸಾಕಾಗಿ ಗೋಡೆಯ ಕಡೆ ಮುಖ ತಿರುಗಿಸಿದಳು. ದಿಂಬು ಒದ್ದೆಯಾಗುತ್ತಿತ್ತು. ಹನುಮಂತಪ್ಪ ಗಾಬರಿಯಾಗಿ ಅರ್ಪಿತಾಳನ್ನು ಕರೆತಂದರು. ಅವಳು ಕಾಕಿಯ ಕಿವಿಯ ಹತ್ತಿರ ಬಗ್ಗಿ ಮಾತಾಡಿದಳು, ತುಂಬ ಹೊತ್ತು ಕೇಳಿದಳು. ಎದ್ದಾಗ ಅವಳ ಕಣ್ಣೂ ತುಂಬಿತ್ತು. ಹೇಳಲೋ ಬೇಡವೋ ಎಂದು ತಡೆದು, ಹಿಂದಿಯಲ್ಲಿ ಹೇಳಿದಳು.

ಕಾಕಿ ಹೇಳಿದ್ದು ಇಷ್ಟು: ‘ನಾನು ಹೀಗೆ ಬಿದ್ದಿರುವಾಗಲೂ ಇವರು ಕಿವುಡನ ಹಾಗೆ ಕೂತಿದ್ದಾರೆ. ಆ ಇನ್ನೊಂದು ಭಾಷೆ ನನ್ನ ಹತ್ತಿರ ಇಲ್ಲ, ಹುಡುಕಿದರೂ ಸಿಗುತ್ತಿಲ್ಲ. ಈಗಲಾದರೂ ನಿಯಮ ಬಿಡಲು ಹೇಳು.’

ಹನುಮಂತಪ್ಪ ಹಾಸಿಗೆಯ ಹತ್ತಿರ ಬಂದರು. ಇದು ನಾಟಕವಲ್ಲ, ನಿಜವಾಗಿಯೂ ತಿಳಿಯುತ್ತಿಲ್ಲ ಎಂದು ಅವಳಿಗೆ ಹೇಳಬೇಕು. ಹೇಳುವುದು ಯಾವ ಭಾಷೆಯಲ್ಲಿ? ಅರ್ಪಿತಾ ಹೇಳಿದಳು. ಗೌರಮ್ಮ ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಹನುಮಂತಪ್ಪ ಅಂದು ಹಿತ್ತಿಲ ಬಾಗಿಲಿಗೆ ಹೋಗಿ, ನಲ್ಲಿ ತಿರುಗಿಸಿಟ್ಟು, ಆ ಸದ್ದಿನಲ್ಲಿ ಅತ್ತರು.

ಅಹಮದಾಬಾದಿನಲ್ಲಿ ಶ್ರುತಿ ಎಂಬ ವಾಕ್‌ಚಿಕಿತ್ಸಕಿ ಇದ್ದಾರೆ, ಮೈಸೂರಿನವರು, ಕನ್ನಡದಲ್ಲೇ ಕಲಿಸುತ್ತಾರೆ ಎಂದು ರಚನಾ ಹುಡುಕಿ ತೆಗೆದಳು. ಗೌರಮ್ಮನನ್ನು ಅಷ್ಟು ದೂರ ಒಯ್ಯುವ ಹಾಗಿರಲಿಲ್ಲ, ಅವರು ವಿಡಿಯೋದಲ್ಲೇ ಪಾಠ ಹೇಳಲು ಒಪ್ಪಿದರು. ಪರದೆಯ ಮೇಲೆ ಚಿತ್ರ ತೋರಿಸುತ್ತಾರೆ, ರೋಗಿ ಬೆರಳಿಟ್ಟು ಹೆಸರು ಹೇಳಬೇಕು. ಫೋನಿನಲ್ಲಿ ಚಿತ್ರ ಕಾಣದು, ಗೌರಮ್ಮನಿಗೆ ಬಲಗಡೆಯ ನೋಟ ಮಸುಕಾಗಿತ್ತು. ಕಂಪ್ಯೂಟರಿನ ದೊಡ್ಡ ಪರದೆಯೇ ಆಗಬೇಕು. ಆದರೆ ಮನೆಯ ಕಂಪ್ಯೂಟರಿನಲ್ಲಿದ್ದ ಓಬೀರಾಯನ ಕಾಲದ ಸಿಸ್ಟಮ್‌ನಲ್ಲಿ ಆ ವಿಡಿಯೋ ಪಾಠ ತೆರೆಯುತ್ತಲೇ ಇರಲಿಲ್ಲ.

ಶ್ರುತಿ ಮೊದಲ ಸಲ ಫೋನಿನಲ್ಲಿ ಮಾತಾಡಿದಾಗಲೇ ಇನ್ನೊಂದು ಮಾತು ಕೇಳಿದ್ದರು.

“ಸರ್, ಅಮ್ಮ ಹಿಂದೆ ಹಾಡಿದ್ದು ಏನಾದ್ರೂ ಇದೆಯಾ? ಮಾತು ಹೋದೋರಿಗೂ ಕೆಲವು ಸಲ ಹಾಡು ಉಳಿದಿರುತ್ತೆ. ಅವರದೇ ದನಿಯಲ್ಲಿ ಕೇಳಿಸಿದ್ರೆ ಹಾಡಿನ ಹಿಂದೆ ಕನ್ನಡಾನೂ ಬರಬಹುದು. ಬರದೇನೂ ಇರಬಹುದು, ಅದನ್ನೂ ಹೇಳಿಬಿಡ್ತೀನಿ.”

ಹನುಮಂತಪ್ಪ ಹಿಡಿದುಕೊಂಡದ್ದು ‘ಬರಬಹುದು’ ಎಂಬ ಪದವನ್ನು ಮಾತ್ರ. ಆ ಹಾಡುಗಳು ಇದ್ದದ್ದು ಹಳೆಯ ಡಿಸ್ಕಿನಲ್ಲಿ, ತೆರೆಯುವುದು ಹಳೆಯ ಸಿಸ್ಟಮ್‌ನಲ್ಲಿ. ಪಾಠಕ್ಕೆ ಹೊಸದು ಬೇಕು, ಹಾಡಿಗೆ ಹಳೆಯದು ಇರಬೇಕು.

ಮಕರಪುರದ ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಕಿಶೋರ್‌ಗೆ ಹೇಳಿ ಕಳಿಸಿದರು. ಕುಂದಾಪುರದ ಕಡೆಯವನು, ಅವನ ಅಪ್ಪ ಇಲ್ಲೇ ಇಡ್ಲಿ-ದೋಸೆಯ ಹೋಟೆಲು ನಡೆಸಿ ಮಗನನ್ನು ಓದಿಸಿದವರು. ಕಿಶೋರ್ ಪೆಟ್ಟಿಗೆ ಬಿಚ್ಚಿ ನೋಡಿ ಹೆದರಬೇಡಿ ಅಂದ. ಹಳೆಯ ಡಿಸ್ಕು ಇದ್ದ ಹಾಗೇ ಇರಲಿ, ಅದೇ ಪೆಟ್ಟಿಗೆಯಲ್ಲಿ ಇನ್ನೊಂದು ಡಿಸ್ಕು ಕೂರಿಸಿ ಅದರಲ್ಲಿ ಹೊಸ ಸಿಸ್ಟಮ್ ಹಾಕೋಣ, ಶುರು ಮಾಡುವಾಗ ಯಾವುದು ಬೇಕೋ ಅದನ್ನು ಆರಿಸಿಕೊಂಡರಾಯಿತು ಎಂದ. ಸ್ಕ್ರೂ ಬಿಗಿದು ಹೊಸ ಡಿಸ್ಕು ಕೂರಿಸಿದ ಮೇಲೆ ಹಳೆಯದರ ಕೇಬಲ್ಲಿಗೆ ಕೈ ಹಾಕಿದ.

“ಏ, ಅದನ್ಯಾಕ ಕೀಳ್ತಿ?” ಎಂದರು ಹನುಮಂತಪ್ಪ.

ಹೊಸದನ್ನು ಹಾಕುವಾಗ ಹಳೆಯದನ್ನು ಬಿಡಿಸಿಟ್ಟಿರಬೇಕು, ಆಮೇಲೆ ಮತ್ತೆ ಸಿಕ್ಕಿಸುವುದು, ಹಾಗೆ ಮಾಡಿದರೆ ಒಂದಕ್ಕೊಂದು ತಗಲುವುದಿಲ್ಲ ಎಂದು ಕಿಶೋರ್ ವಿವರಿಸಿದ. ಅವನು ಹೇಳಿದ್ದು ಸರಿಯೇ. ಆದರೆ ಅವನ ಎದುರಿಗೆ ಕೂತಿದ್ದವರು ಹುಟ್ಟಾ ಸಿಗ್ನಲ್ ಮನುಷ್ಯ. ರೈಲ್ವೆಯಲ್ಲಿ ನಡೆಯುತ್ತಿರುವ ಲೈನಿನ ಒಂದು ತಂತಿ ಬಿಚ್ಚಬೇಕಾದರೂ ಮೊದಲು ಮೆಮೊ ಬರೆಯಬೇಕು, ಸ್ಟೇಷನ್ ಮಾಸ್ಟರು ಸಹಿ ಹಾಕಬೇಕು. ಹಾಗಲ್ಲದೆ ಮುಟ್ಟಿದವನ ಕೆಲಸವೇ ಹೋಗುತ್ತದೆ. ಕೆಲಸ ಹೋದರೆ ಹೋಗಲಿ, ಯಾರದೋ ಪ್ರಾಣ ಹೋಗುತ್ತದೆ. ಆ ಭಯ ಹನುಮಂತಪ್ಪನವರ ರಕ್ತದಲ್ಲಿ ಸೇರಿತ್ತು. ಇಷ್ಟು ವರ್ಷ ಒಂದು ದಿನವೂ ಕೈಕೊಡದ ಡಿಸ್ಕು, ಅದರಲ್ಲಿ ಗೌರಮ್ಮನ ದನಿ. ಬಿಚ್ಚಿ ಸಿಕ್ಕಿಸುವಾಗ ಏನಾದರೂ ಆದರೆ?

“ನಡೀಲಿಕ್ಹತ್ತಿದ ಲೈನಿಗೆ ಕೈ ಹಚ್ಚಬಾರದಪಾ. ಅದು ಹಂಗ ಇರ್ಲಿ, ಇದನ್ನ ಹಾಕು.”

“ಹಾಗೂ ಆಗ್ತದೆ ಅಂಕಲ್, ಆಗುದಿಲ್ಲ ಅಂತಲ್ಲ. ಆದ್ರೆ ನಾಳೆ ಎಂತಾದ್ರೂ ತೊಂದ್ರೆ ಬಂದ್ರೆ ನನ್ನನ್ನು ಬಯ್ಯೂಕಾಗ,” ಎಂದು ಕಿಶೋರ್ ಎರಡನ್ನೂ ಸಿಕ್ಕಿಸಿಕೊಂಡೇ ಕೆಲಸ ಮುಗಿಸಿದ.

ಮುಗಿದಾಗ ಎಲ್ಲವೂ ಚೆನ್ನಾಗಿಯೇ ಇತ್ತು. ಸ್ವಿಚ್ ಒತ್ತಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು. ಒಂದು ಹೊಸ ಸಿಸ್ಟಮ್, ಇನ್ನೊಂದು ಹಳೆಯದು. ಬಾಣದ ಗುರುತಿನ ಕೀಲಿ ಒತ್ತಿ ಆರಿಸಬೇಕು. ಹನುಮಂತಪ್ಪನವರಿಗೆ ಇದು ಹಿಡಿಸಿತು. ರೈಲಿಗೆ ಹಳಿ ಬದಲಿಸಲು ಪಾಯಿಂಟ್ ಹಾಕಿದ ಹಾಗೆ, ಈ ಲೈನಿಗೆ ಬೇಕೋ ಆ ಲೈನಿಗೆ ಬೇಕೋ. ಬೆಳಗಿನ ತಿಂಡಿಯಾದ ಮೇಲೆ ಹೊಸದನ್ನು ಆರಿಸಿ, ಪರದೆ ಅವಳ ಎಡಕ್ಕೆ ಬರುವಂತೆ ಗೌರಮ್ಮನ ಗಾಲಿಕುರ್ಚಿಯನ್ನು ನಿಲ್ಲಿಸುತ್ತಿದ್ದರು. ಶ್ರುತಿ ನೀರಿನ ಲೋಟದ ಚಿತ್ರ ತೋರಿಸುತ್ತಿದ್ದರು.

“ನೀರು. ಹೇಳೀಮ್ಮ, ನೀ-ರು.”

“ನೀ...ರು,” ಎನ್ನುತ್ತಿದ್ದಳು ಗೌರಮ್ಮ, ಯಾರದೋ ಊರಿನ ಹೆಸರು ಹೇಳಿದ ಹಾಗೆ. ಮತ್ತೊಂದು ಚಿತ್ರ ತೋರಿಸಿ ಅದಕ್ಕೇ ಹಿಂದಿರುಗಿ ಬರುವುದರೊಳಗೆ ಅದು ಮತ್ತೆ ಪಾಣಿಯಾಗಿರುತ್ತಿತ್ತು. ಹಸು ಗಾಯ್, ಮನೆ ಘರ್, ಮಗಳು ದೀಕ್ರೀ. ಶ್ರುತಿ ಬೇಸರಪಡುತ್ತಿರಲಿಲ್ಲ. ಹನುಮಂತಪ್ಪನವರೇ ಪಕ್ಕದಲ್ಲಿ ಕೂತು, ತಾವು ತುಟಿ ಅಲುಗಿಸಿ, ಅವಳು ತಪ್ಪಿದ ಪ್ರತಿ ಪದಕ್ಕೂ ಒಂದಿಷ್ಟು ಕುಸಿಯುತ್ತಿದ್ದರು. ಸಂಜೆ ಅರ್ಪಿತಾ ಬಂದು ಕೂತರೆ ಅದೇ ಗೌರಮ್ಮ ನಿಧಾನವಾಗಿಯಾದರೂ ಮಾತಾಡುತ್ತಿದ್ದಳು, ಒಮ್ಮೊಮ್ಮೆ ಬಾಯಿಯ ಎಡಭಾಗದಿಂದ ನಗುತ್ತಲೂ ಇದ್ದಳು. ಅವರ ಮನೆಯಲ್ಲಿ, ಅವರ ಕಣ್ಣೆದುರಿಗೇ, ಅವರ ಹೆಂಡತಿ ಬೇರೆಯವರೊಂದಿಗೆ ಮಾತಾಡುತ್ತಿದ್ದಳು. ಅವರು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು. ಹೊಟ್ಟೆಕಿಚ್ಚು ಅನ್ನಬೇಕೋ ಸಂಕಟ ಅನ್ನಬೇಕೋ, ಎರಡೂ ಇತ್ತು.

ಹಾಗಾದರೆ ಹಾಡು ಹಾಕಬಾರದಿತ್ತೇ? ಶ್ರುತಿ ಕೇಳಿದರು, ರಚನಾ ಫೋನು ಮಾಡಿದಾಗಲೆಲ್ಲ ಕೇಳಿದಳು. ಹನುಮಂತಪ್ಪ ನಾಳೆ ಎನ್ನುತ್ತಿದ್ದರು. ಇನ್ನಷ್ಟು ಪದ ಬರಲಿ, ಸ್ವಲ್ಪ ಚೇತರಿಸಿಕೊಳ್ಳಲಿ, ಹಬ್ಬ ಕಳೆಯಲಿ. ಕಾರಣ ಅವರಿಗೆ ಗೊತ್ತಿತ್ತು. ಹಾಡು ಕೊನೆಯ ಉಪಾಯ. ಅದೂ ಸೋತರೆ ಆಮೇಲೆ ಏನಿದೆ? ಹಾಕದೇ ಇರುವಷ್ಟು ದಿನ ‘ಬರಬಹುದು’ ಎಂಬುದು ‘ಬರಬಹುದು’ ಆಗಿಯೇ ಉಳಿಯುತ್ತದೆ. ಸಂಜೆಗಳಲ್ಲಿ ಹಳೆಯ ಸಿಸ್ಟಮ್ ಆರಿಸಿ, ರೆಕಾರ್ಡುಗಳ ಹೆಸರು ಕಾಣುವ ತನಕ ಹೋಗಿ, ಅಲ್ಲಿಂದ ವಾಪಸು ಬರುತ್ತಿದ್ದರು.

ಮಳೆಗಾಲ ಹಿಡಿಯುವ ಹೊತ್ತಿಗೆ ಹಳೆಯ ಡಿಸ್ಕು ಸದ್ದು ಮಾಡತೊಡಗಿತು. ಟಕ್, ಟಕ್. ಸ್ವಲ್ಪ ಸುಮ್ಮನಿದ್ದು ಮತ್ತೆ ಟಕ್. ಸವೆದ ಯಂತ್ರದ ಸದ್ದು ಯಾವುದೆಂದು ಹನುಮಂತಪ್ಪನವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬೆಳಗಿನ ಪಾಠ ನಡೆಯುವುದು ಹೊಸ ಡಿಸ್ಕಿನಲ್ಲಿ, ಹಳೆಯದು ಸುಮ್ಮಸುಮ್ಮನೆ ಯಾಕೆ ತಿರುಗಿ ಸವೆಯಬೇಕು? ಅದನ್ನು ಬಿಡಿಸಿ ಜೋಪಾನವಾಗಿಟ್ಟು, ಹಾಡಿನ ದಿನ ಸಿಕ್ಕಿಸಿದರಾಯಿತು ಅಂದುಕೊಂಡರು. ಅಷ್ಟು ದಿನ ಮುಟ್ಟಬಾರದೆಂದವರು ತಾವೇ ಕೇಬಲ್ ಕಿತ್ತರು. ಡಿಸ್ಕನ್ನು ಗೌರಮ್ಮನ ಇಳಕಲ್ ಸೀರೆಯೊಂದರ ಮಡಿಕೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು.

ಮರುದಿನ ಸ್ವಿಚ್ ಒತ್ತಿದರೆ ಕಂಪ್ಯೂಟರು ಶುರುವಾಗಲಿಲ್ಲ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಕಪ್ಪು ಪರದೆಯ ಮೇಲೆ ಒಂದೇ ಸಾಲು, ಶುರು ಮಾಡುವ ಡಿಸ್ಕು ಸಿಗುತ್ತಿಲ್ಲ ಎಂದು. ಗೌರಮ್ಮ ಪಾಠಕ್ಕೆ ತಯಾರಾಗಿ ಕೂತಿದ್ದವಳು ಪರದೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು.

ಕಿಶೋರ್ ಬಂದ. ಬಂದವನು ಬೈಯಲಿಲ್ಲ, ಒಳ್ಳೆಯ ಹುಡುಗ.

“ಅವತ್ತೇ ಹೇಳಿದ್ದೆ ಅಲ್ಲ ಅಂಕಲ್. ಹಳೆಯದು ಸಿಕ್ಕಿಸಿಕೊಂಡೇ ಇದ್ದದ್ದಕ್ಕೆ ಹೊಸ ಸಿಸ್ಟಮ್ ತನ್ನ ಸ್ಟಾರ್ಟ್ ಆಗುವ ತುಂಡನ್ನು ಹಳೆಯದರಲ್ಲೇ ಇಟ್ಕೊಂಡಿದೆ. ಕಾಣೂಕೆ ಎರಡು ಬೇರೆ ಬೇರೆ, ಆದ್ರೆ ಅದಿಲ್ಲದೆ ಇದು ಏಳುದಿಲ್ಲ.”

ಇಷ್ಟು ತಿಂಗಳು ಬೆಳಗಿನ ಪ್ರತಿ ಪಾಠಕ್ಕೂ ಆ ಮುದಿ ಡಿಸ್ಕು ಮೊದಲು ಎದ್ದು ಹೊಸದನ್ನು ಎಬ್ಬಿಸಬೇಕಾಗಿತ್ತು. ಅದನ್ನು ಕಾಪಾಡಬೇಕೆಂದು ಹಟ ಹಿಡಿದೇ ಹನುಮಂತಪ್ಪ ಅದನ್ನು ದಿನಾ ದುಡಿಸಿದ್ದರು. ಅವರು ಕೂತಲ್ಲಿಯೇ ತಲೆ ತಗ್ಗಿಸಿದರು. ಗೌರಮ್ಮನ ವಿಷಯದಲ್ಲಿ ತಾನು ಕಾಪಾಡಲು ಹೊರಟದ್ದೆಲ್ಲ ಹೀಗೇ ಆಗಿದೆ ಎಂದು ಅವರಿಗೆ ಅನ್ನಿಸಿತು. ಮನೆಯಲ್ಲಿ ಕನ್ನಡ ಉಳಿಯಲಿ ಎಂದು ಕಿವಿ ಮುಚ್ಚಿಕೊಂಡರು, ಉಳಿದದ್ದು ಏನು?

ಕಿಶೋರ್ ಈ ಸಲ ಹಳೆಯದನ್ನು ಹೊರಗಿಟ್ಟೇ ಹೊಸದನ್ನು ಮತ್ತೆ ಮೊದಲಿಂದ ಹಾಕಿದ. ಆಮೇಲೆ ಹಳೆಯದನ್ನು ಸಿಕ್ಕಿಸಿ, ಅದು ತನ್ನಷ್ಟಕ್ಕೆ ಏಳುವಂತೆ ಮಾಡಿದ. ಇನ್ನು ಒಂದರ ಹಂಗು ಒಂದಕ್ಕಿಲ್ಲ, ಶುರುವಾಗುವಾಗ ಒಂದು ಕೀಲಿ ಒತ್ತಿ ಬೇಕಾದ ಡಿಸ್ಕನ್ನು ಆರಿಸಬಹುದು. ಆ ಹಾಡಿನ ಫೈಲುಗಳನ್ನು ಹೊಸದಕ್ಕೆ ನಕಲು ಮಾಡಿಯೂ ನೋಡಿದ. ನಕಲಾದವು, ತೆರೆಯಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, ಈ ಡಿಸ್ಕು ಇನ್ನು ಎಷ್ಟು ಸಲ ಏಳುತ್ತದೋ ಹೇಳಲಾಗುವುದಿಲ್ಲ, ಕೇಳಿಸುವುದಿದ್ದರೆ ತಡಮಾಡಬೇಡಿ, ಹಾಕುವಾಗ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ ಎಂದ.

ಆ ಭಾನುವಾರ ರಚನಾ ಸೂರತ್‌ನಿಂದ ಬೆಳಗಿನ ರೈಲಿಗೆ ಬಂದಳು. ಅರ್ಪಿತಾ ಯಾರದೋ ಮದುವೆಗೆಂದು ಊರಿಗೆ ಹೋಗಿದ್ದಳು. ಮನೆಯಲ್ಲಿ ಮೂವರೇ. ಮಗಳು ಅವ್ವನ ತಲೆ ಬಾಚಿ, ಹೂ ಮುಡಿಸಿ, ಪರದೆ ಎಡಕ್ಕೆ ಬರುವಂತೆ ಕುರ್ಚಿಯನ್ನು ನಿಲ್ಲಿಸಿದಳು. ಹನುಮಂತಪ್ಪ ಹಳೆಯ ಡಿಸ್ಕನ್ನು ಆರಿಸಿದರು. ಅದು ಟಕ್ ಟಕ್ ಎನ್ನುತ್ತಾ, ತಡವರಿಸುತ್ತಾ ಎದ್ದಿತು. ಅವರು ಎಷ್ಟು ಸರಿಸಿದರೂ ಬಾಣ ಬೇಕಾದ ಕಡೆ ನಿಲ್ಲಲಿಲ್ಲ, ರಚನಾಳೇ ಒತ್ತಿದಳು. ಇನ್ನೊಂದು ಕೈಯಲ್ಲಿ ಫೋನು ಹಿಡಿದು ಸ್ಪೀಕರಿನ ಹತ್ತಿರ ಇಟ್ಟಳು.

ಮೊದಲು ರೊಟ್ಟಿ ಬಡಿಯುವ ಸದ್ದು ಬಂತು. ಅದರಲ್ಲಿ ಯಾವುದು ಅಂಗೈ, ಯಾವುದು ಡಿಸ್ಕು ಎಂದು ತಿಳಿಯದಂತೆ ಬೆರೆತಿತ್ತು. ಆಮೇಲೆ ದನಿ. ತುಂಬಿದ, ತುಂಟತನದ, ಗಟ್ಟಿ ದನಿ.

‘ಹತ್ತ ಮಾತಾಡಿದರ ಒಂದಕ್ಕ ಹೂಂ ಅಂತಾನ
ಕೆಂಪ ದೀಪದಂಗ ನಿಂತಾನ, ನನ ರಾಯ
ರೊಟ್ಟಿ ಆರೂದ್ರೊಳಗ ಮಾತಾಡ.’

ಹಿಂದಿನಿಂದ ಕಾಲೇಜು ಹುಡುಗಿಯ ನಗು. ‘ಅಪ್ಪ ಕೇಳ್ತಾರ ಅವ್ವಾ!’ ಎಂದು ಅವಳೇ ಪಿಸುಗುಟ್ಟಿದ್ದು. ‘ಕೇಳ್ಲಿ ಬಿಡು. ಕೇಳಿದ್ರ ಹೂಂ ಅಂತಾರ, ಮತ್ತೇನ್ ಅಂತಾರ,’ ಎಂದು ಅದೇ ಗಟ್ಟಿ ದನಿ. ಮತ್ತೆ ರೊಟ್ಟಿ, ಮತ್ತೆ ಅದೇ ಹಾಡು.

ಹನುಮಂತಪ್ಪ ಗೌರಮ್ಮನ ಮುಖ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಅವಳ ಹುಬ್ಬು ಮೇಲೇರಿತು. ಎಡಗೈಯ ಬೆರಳುಗಳು ಕುರ್ಚಿಯ ತೋಳಿನ ಮೇಲೆ ಅಲುಗಿದವು, ಬಡಿದವು, ತಾಳ ತಪ್ಪದೆ ಬಡಿದವು. ತುಟಿ ತೆರೆಯಿತು. ತುಟಿಯಿಂದ ದನಿ ಬಂತು. ಪದವಿಲ್ಲ, ರಾಗ ಮಾತ್ರ. ಹಾಡಿನ ಏರಿಗೆ ಏರಿ, ಇಳಿತಕ್ಕೆ ಇಳಿದು, ಬರೀ ರಾಗ. ಹಾಡು ಮುಗಿದು ರೊಟ್ಟಿಯ ಸದ್ದೂ ನಿಂತಿತು.

ಗೌರಮ್ಮನ ಕಣ್ಣು ಹೊಳೆಯುತ್ತಿತ್ತು. ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು ಹೇಳಿದಳು.

“ಆ ತೋ ಹುಂ ಛುಂ.” ಇದು ನಾನು.

ರಚನಾ ಹೌದೌದು ಎಂದು ತಲೆಯಾಡಿಸಿದಳು. ಗೌರಮ್ಮ ಗಂಡನ ಕಡೆ ತಿರುಗಿದಳು. ಮಗಳ ಕಡೆ ಅಲ್ಲ, ಗಂಡನ ಕಡೆ. ನಿಧಾನವಾಗಿ, ಒಂದೊಂದೇ ಪದ ಆರಿಸಿ, ಅವರಿಗೂ ತಿಳಿಯಲೆಂದು ಬಿಡಿಸಿ ಬಿಡಿಸಿ ಕೇಳಿದಳು.

“ಏಮಾಂ... ಹುಂ... ಶುಂ ಕಹುಂ ಛುಂ?”

ಅದರಲ್ಲಿ ನಾನು ಏನು ಹೇಳುತ್ತಿದ್ದೇನೆ?

ಹನುಮಂತಪ್ಪನವರಿಗೆ ಅರ್ಥವಾಯಿತು. ಪೂರಾ ಅರ್ಥವಾಯಿತು, ಅದೇ ದೊಡ್ಡ ಕಷ್ಟ. ತಾನೇ ಕಟ್ಟಿದ ಹಾಡು, ತನ್ನದೇ ಬಾಯಿ, ಅದರ ಅರ್ಥವನ್ನು ಅವಳು ಇನ್ನೊಬ್ಬರ ಹತ್ತಿರ ಕೇಳಬೇಕಾಗಿತ್ತು. ಕನ್ನಡ ಬರುವುದಿಲ್ಲ. ಅದು ಇನ್ನು ಬರುವುದಿಲ್ಲ ಎಂದು ಆ ಕ್ಷಣದಲ್ಲಿ ಅವರಿಗೆ ಗೊತ್ತಾಯಿತು. ಯಾವ ಡಾಕ್ಟರೂ ಹೇಳಬೇಕಿರಲಿಲ್ಲ.

ರಚನಾ ಗುಜರಾತಿಯಲ್ಲಿ ಉತ್ತರ ಕೊಡಲು ಬಾಯಿ ತೆರೆದಳು. ಹನುಮಂತಪ್ಪ ಕೈ ಎತ್ತಿ ತಡೆದರು. ಗೌರಾ ಕೇಳಿದ್ದು ತನ್ನನ್ನು. ಅವರು ಪದಗಳಿಗಾಗಿ ಹುಡುಕಿದರು. ಸ್ಟೇಷನ್ನಿನಲ್ಲಿ ಕೇಳಿದ್ದು, ತರಕಾರಿಯವನ ಬಾಯಲ್ಲಿ ಕೇಳಿದ್ದು, ಇಷ್ಟು ದಿನ ಬಾಗಿಲ ಹತ್ತಿರ ನಿಂತು ಅರ್ಪಿತಾ ಆಡುವುದನ್ನು ಕೇಳಿದ್ದು. ಮನೆಯೊಳಗೆ ಆ ಭಾಷೆಯನ್ನು ಅವರು ಒಮ್ಮೆಯೂ ಆಡಿರಲಿಲ್ಲ. ಗೌರಮ್ಮ ಕಾಯುತ್ತಿದ್ದಳು.

“ತುಂ... ಕಹೇ ಛೇ...” ಎಂದರು. ನೀನು ಹೇಳುತ್ತಿದ್ದೀ. ಮುಂದಿನ ಪದ ಹುಡುಕಿ ಮುಂದುವರಿಸಿದರು. “ಕೇ ಹುಂ... ಬೋಲತೋ ನಥೀ.”

ನಾನು ಮಾತಾಡುವುದಿಲ್ಲ ಅಂತ.

ಗೌರಮ್ಮ ಅವರನ್ನೇ ನೋಡಿದಳು. ಅವಳ ಮುಖದ ಎಡಭಾಗ ಮೊದಲು ನಕ್ಕಿತು, ಆಮೇಲೆ ಕಣ್ಣೀರು ಇಳಿಯಿತು. ಎಡಗೈ ಚಾಚಿ ಅವರ ಮಣಿಕಟ್ಟು ಹಿಡಿದಳು.

“ಸಾಚುಂ,” ಎಂದಳು. ನಿಜ.

ಅದೇ ವಾರ ಡಿಸ್ಕು ನಿಂತಿತು. ಕಿಶೋರ್ ಏನೇನೋ ಮಾಡಿ ನೋಡಿದ, ಏಳಲಿಲ್ಲ. ಸತ್ತ ಲೈನನ್ನು ಸಿಕ್ಕಿಸಿ ಇಡಬಾರದು ಎಂದು ಹನುಮಂತಪ್ಪನವರೇ ಅದರ ಕೇಬಲ್ ಬಿಡಿಸಿ, ಮತ್ತೆ ಇಳಕಲ್ ಸೀರೆಯಲ್ಲಿ ಸುತ್ತಿಟ್ಟರು. ಶ್ರುತಿಯವರ ಪಾಠ ಕೆಲವು ತಿಂಗಳು ನಡೆದು, ಆಮೇಲೆ ಅವರೇ ಸಮಾಧಾನ ಹೇಳಿ ನಿಲ್ಲಿಸಿದರು. ಗೌರಮ್ಮನ ಬಾಯಿಗೆ ಕನ್ನಡ ಬರಲಿಲ್ಲ. ಹನುಮಂತಪ್ಪ ಅರ್ಪಿತಾಳ ಹತ್ತಿರ ಗುಜರಾತಿ ಕಲಿಯಲು ಕೂತರು. ಆ ವಯಸ್ಸಿನ ನಾಲಿಗೆ ಎಷ್ಟು ಹೊರಳುತ್ತದೆ? ಊಟ, ಔಷಧ, ನೋವು, ಇಷ್ಟಕ್ಕೆ ಸಾಲುತ್ತದೆ. ಅಂದು ಅವಳು ನಗುತ್ತಾ ಬಂದು ಹೇಳಹೊರಟಿದ್ದ ತಮಾಷೆ ಯಾವುದೆಂದು ಒಂದು ದಿನ ಕೇಳಿದರು. ಅವಳಿಗೆ ನೆನಪಿರಲಿಲ್ಲ.

ರಚನಾಳ ಫೋನಿನಲ್ಲಿ ಆ ಭಾನುವಾರದ ರೆಕಾರ್ಡು ಉಳಿದಿದೆ. ಕತಾರ್‌ಗಾಮ್‌ನ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಅವಳು ಅದನ್ನು ಕಿವಿಗೆ ಹಾಕಿಕೊಳ್ಳುತ್ತಾಳೆ. ಅವ್ವನ ಹಾಡು ಮುಗಿಯುತ್ತದೆ, ಅವ್ವ ಗುಜರಾತಿಯಲ್ಲಿ ಕೇಳುತ್ತಾಳೆ. ಅದಾದ ಮೇಲೆ ಬಹಳ ಹೊತ್ತು ಏನೂ ಇಲ್ಲ, ಡಿಸ್ಕಿನ ಟಕ್ ಟಕ್ ಮಾತ್ರ. ಮುಗಿಯಿತೇನೋ ಎಂದು ಬೇರೆ ಯಾರಾದರೂ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅವಳು ಕಾಯುತ್ತಾಳೆ, ಅಪ್ಪ ಮಾತಾಡುವ ತನಕ.